ಅಣ್ಣನ ಪ್ರತಿಮೆಗೆ ನನ್ನ ಮೂಗು

ಇಳಿಜಾರಿನ ಕೆಳಗಿನ ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ ನಿನ್ನ ಕತ್ತರಿಮಗ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಕಡಿದು, ಕೈ ಹಿಡಿದುಕೊಳ್ಳದೆ ಇಳಿಯಬೇಡ. ಔಷಧಿ ಮುಗಿದಿದ್ದರೆ ಭಾವನಿಗೆ ಹೇಳು. ಅವರು ಮರೆಗುಳಿ, ಎರಡು ಸಲ ಹೇಳು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ, ಎಡಹುಬ್ಬು ಮೇಲಕ್ಕೇರಿಸಿ "ಮುಂದಕ್ಕೆ ಹೇಳು" ಅನ್ನುತ್ತೀಯ. ಹಾಗಾಗಿ ಮುಂದಕ್ಕೇ ಹೋಗುತ್ತೇನೆ. "ಪ್ರತಿಮೆ ಅವನ ಹಾಗೇ ಬಂದಿದೆಯಾ?" ಎಂದು ನೀನು ಎರಡು ಪತ್ರಗಳಲ್ಲಿ ಕೇಳಿದ್ದೆ. ಎರಡು ಸಲವೂ ನಾನು ಅಂಗಡಿಗೆ ತಂದ ಹೊಸ ಕುರ್ಚಿಯ ವಿಷಯ ಬರೆದು ಜಾರಿಕೊಂಡೆ. ಆ ಕುರ್ಚಿಯ ಬಗ್ಗೆ ಬರೆಯಲು ಇನ್ನೇನೂ ಉಳಿದಿಲ್ಲ.

ಅಣ್ಣ ಬ್ರೇಕ್ ಹೋದ ಬಸ್ಸನ್ನು ಶಾಲೆಯ ಮಕ್ಕಳು ರಸ್ತೆ ದಾಟುವ ಜಾಗದಿಂದ ತಿರುಗಿಸಿ ಖಾಲಿ ಗೋದಾಮಿನ ಗೋಡೆಗೆ ಗುದ್ದಿಸಿ ಎರಡು ವರ್ಷ ಆಗುತ್ತಾ ಬಂತು. ಮೂವತ್ತೊಂದು ಜನ ಪ್ರಯಾಣಿಕರು ಇಳಿದು ಮನೆಗೆ ಹೋದರು, ಡ್ರೈವರ್ ಒಬ್ಬ ಹೋಗಲಿಲ್ಲ. ಅದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ "ಆ ಇಳಿಜಾರನ್ನ ಇನ್ನು ಕಣ್ಣೆತ್ತಿ ನೋಡಲ್ಲ" ಎಂದು ನೀನು ಅಕ್ಕನ ಮನೆಗೆ ಹೊರಟುಹೋದ ಮೇಲೆ ಇಲ್ಲಿ ನಡೆದದ್ದನ್ನು ಹೇಳದೆ ವಿಧಿಯಿಲ್ಲ.

ಸ್ಮಾರಕ ಸಮಿತಿಯ ಮೊದಲ ಸಭೆಗೆ ಮನೆಯ ಪರವಾಗಿ ನಾನು ಹೋದೆ. ಕಂಚೋ ಕಲ್ಲೋ, ಎಷ್ಟು ಎತ್ತರ, ಮುಖ ಯಾವ ಕಡೆಗೆ, ವರ್ಷಕ್ಕೆ ಎಷ್ಟು ಸಲ ತೊಳೆಯಬೇಕು, ತೊಳೆಯುವವರು ಯಾರು, ಕೆಳಗೆ ಏನು ಬರೆಸಬೇಕು, ಇಷ್ಟಕ್ಕೇ ಎರಡು ಗಂಟೆ ಹೋಯಿತು. ಆಮೇಲೆ ಶಿಲ್ಪಿ, ಸಣ್ಣ ದನಿಯ ಹೆಂಗಸು, "ಅವರ ಮುಖ ಹೇಗಿತ್ತು?" ಎಂದು ಕೇಳಿದರು. ಹನ್ನೊಂದು ವರ್ಷ ಅವನ ಬಸ್ಸಿನಲ್ಲೇ ಓಡಾಡಿದವರು ಏಳೆಂಟು ಜನ ಅಲ್ಲಿದ್ದರು. ಅವರಿಗೆಲ್ಲ ಗೊತ್ತಿದ್ದದ್ದು ಅವನ ಕತ್ತಿನ ಹಿಂಭಾಗ. ನಾನು ತಿಂಗಳಿಗೊಮ್ಮೆ ಕತ್ತರಿಸುತ್ತಿದ್ದ ಕೂದಲನ್ನು ಅವರು ದಿನಕ್ಕೆ ಎರಡು ಸಲ ನೋಡಿದ್ದರು, ಅಷ್ಟೆ. ಮಂಡಿನೋವಿನ ಒಬ್ಬ ನಿವೃತ್ತ ಟೀಚರ್ ಮಾತ್ರ, "ಕನ್ನಡೀಲಿ ಕಣ್ಣು ಕಾಣೋದು. ಯಾರಾದ್ರೂ ತಡವಾಗಿ ಓಡಿಬಂದು ಹತ್ತಿದ್ರೆ ಎಡಗಡೆ ಹುಬ್ಬು ಮೇಲೆ ಹೋಗೋದು. ಬೈತಿರಲಿಲ್ಲ" ಅಂದರು.

ಫೋಟೋ ಅಂದರೆ ಮಾರುದೂರ ಓಡುವ ಪ್ರಾಣಿ ಅವನು. ಅಕ್ಕನ ಮದುವೆಯ ಆಲ್ಬಮ್ಮಿನಲ್ಲೂ ಅವನ ಒಂದು ಭುಜ ಬಿಟ್ಟರೆ ಇನ್ನೇನೂ ಇಲ್ಲ. ಉಳಿದದ್ದು ಡಿಪೋದ ಗುರುತಿನ ಚೀಟಿ. ಅದರಲ್ಲಿ ಸೀಲು ಸರಿಯಾಗಿ ಮುಖದ ನಡುವೆಯೇ ಬಿದ್ದಿದೆ. ಅಧ್ಯಕ್ಷರು ಗಡಿಯಾರ ನೋಡಿ, "ಮುಖ ಇಲ್ಲ ಅಂದ್ರೆ ಒಂದು ಕಲ್ಲು ನಿಲ್ಲಿಸಿ, ಉದ್ಘಾಟನೆ ಮಾಡಿದವರ ಹೆಸರು ಹಾಕಿ ಮುಗಿಸೋಣ" ಅಂದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, "ನಾನೂ ಅಣ್ಣನೂ ಒಂದೇ ಅಚ್ಚು. ನನ್ನನ್ನ ನೋಡ್ಕೊಂಡು ಮಾಡಿ" ಅಂದುಬಿಟ್ಟೆ.

ಅಮ್ಮಾ, ಹುಟ್ಟಿದಂದಿನಿಂದ ಯಾರೂ ಹಾಗೆ ಹೇಳಿದ್ದಿಲ್ಲ. ನನ್ನದು ಅಪ್ಪನ ಚಪ್ಪಟೆ ಮೂಗು, ನನಗಿಂತ ಮೊದಲು ಬಾಗಿಲು ದಾಟುವ ಅಪ್ಪನ ಕಿವಿ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವರು ನೆರೆಮನೆಯವರಾ ಎಂದು ಕೇಳುತ್ತಿದ್ದರು. ಡಿಪೋದವರಿಗೆ ಗೊತ್ತಿತ್ತು, ಆದರೆ ಒಡಹುಟ್ಟಿದವನೇ ಹೇಳುವಾಗ ನಾವ್ಯಾರು ಎಂದು ಸುಮ್ಮನಾದರು. ಅವನಿಗೆ ಹೆಂಡತಿ ಮಕ್ಕಳಿದ್ದಿದ್ದರೆ ಯಾರಾದರೂ ನನ್ನ ಅಂಗಿ ಹಿಡಿದು ಕೂರಿಸುತ್ತಿದ್ದರು. ಸಮಿತಿಯವರು ಮರುದಿನವೇ ನನ್ನಿಂದ ಮೂರು ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಎರಡು ಗಂಟೆ ಶಿಲ್ಪಿಯ ಶೆಡ್ಡಿನಲ್ಲಿ ಒಂದು ಸ್ಟೂಲಿನ ಮೇಲೆ ಅಲ್ಲಾಡದೆ ಕೂರುತ್ತಿದ್ದೇನೆ. ಪ್ರತಿಮೆ ಮುಗಿಯುವವರೆಗೆ ಮೀಸೆ ತೆಗೆಯುವಂತಿಲ್ಲ, ಕೂದಲು ಕತ್ತರಿಸುವಂತಿಲ್ಲ, ದಪ್ಪ ಆಗುವಂತಿಲ್ಲ ಎಂದು ಸಮಿತಿಯ ಆಜ್ಞೆ. ಊರಿನವರ ಮೀಸೆಯೆಲ್ಲ ನನ್ನ ಕೈಯಲ್ಲಿ, ನನ್ನ ಮೀಸೆ ಸಮಿತಿಯ ಕೈಯಲ್ಲಿ. ಅಂಗಡಿಯಲ್ಲಿ ಈಗ ಯಾರೂ ತಮಾಷೆ ಮಾಡುವುದಿಲ್ಲ, ಯಾರ ಮನೆ ಸುದ್ದಿಯನ್ನೂ ಆಡುವುದಿಲ್ಲ. ಕನ್ನಡಿಯಲ್ಲಿ ತಮ್ಮ ತಲೆ ಬಿಟ್ಟು ನನ್ನ ಮುಖ ನೋಡುತ್ತಾರೆ. ಮೊನ್ನೆ ಒಬ್ಬರು ಅರ್ಧ ಗಡ್ಡಕ್ಕೆ ನೊರೆ ಇರುವಾಗಲೇ ನನ್ನ ಕೈ ಹಿಡಿದು ಅತ್ತರು. ಆ ದಿನ ಎರಡನೇ ಸೀಟಿನಲ್ಲಿ ಕೂತಿದ್ದವರಂತೆ. "ಇದು ಅವನ ಮುಖ ಅಲ್ಲ ಸ್ವಾಮಿ" ಎನ್ನಬೇಕಾದವನು ಉಳಿದರ್ಧ ಗಡ್ಡ ಬೋಳಿಸಿ ಕಳಿಸಿದೆ. ಅಂಗಡಿಯ ಎದುರಿಗೇ ಪ್ರತಿಮೆಗೆ ಕಟ್ಟೆ ಕಟ್ಟುತ್ತಿದ್ದಾರೆ. ಎಂಟು ಅಡಿ ಎತ್ತರವಂತೆ. "ನನ್ನ ಮಂಡಿಗೋಸ್ಕರ ಬಸ್ಸನ್ನ ಫುಟ್‌ಪಾತಿಗೆ ಒತ್ತಿ ನಿಲ್ಲಿಸ್ತಿದ್ದ ಮನುಷ್ಯ. ಅವನನ್ನ ಕೈಗೆ ಸಿಗದ ಹಾಗೆ ಮೇಲಕ್ಕೆ ಹತ್ತಿಸ್ಬೇಡಿ" ಎಂದು ಟೀಚರ್ ಜಗಳವಾಡಿದರು. ಯಾರು ಕೇಳುತ್ತಾರೆ? ಒಂದು ಸಲ ಕಂಚು ಹೊಯ್ದರೆ ನಾನು ಸಾಯುವವರೆಗೂ ಅಂಗಡಿ ಬಾಗಿಲು ತೆಗೆದಾಗೆಲ್ಲ ನನ್ನನ್ನೇ ನೋಡಬೇಕು.

ಅದನ್ನಾದರೂ ಸಹಿಸಿಕೊಂಡೇನು. ತಡೆಯಲಾಗದ್ದು ಬೇರೆ ಇದೆ. ಈಚೆಗೆ ಕಣ್ಣು ಮುಚ್ಚಿ ಅಣ್ಣನನ್ನು ನೆನೆದರೆ ಅವನು ಬರುವುದಿಲ್ಲ, ಶಿಲ್ಪಿ ನನ್ನನ್ನು ನೋಡಿ ಮಾಡಿದ ಮಣ್ಣಿನ ಮುಖ ಬರುತ್ತದೆ. ಅವನ ನೆತ್ತಿಯ ಸುಳಿ ನೆನಪಿದೆ, ಕಿವಿಯ ಹಿಂದಿನ ಮಚ್ಚೆ ನೆನಪಿದೆ, ಮುಂದಕ್ಕೆ ತಿರುಗಿಸಿದರೆ ನಾನು ಕೂತಿರುತ್ತೇನೆ. ನನಗೆ ಭಯವಾಗಿದೆ ಅಮ್ಮಾ.

ಹೋದ ವಾರ ಅಧ್ಯಕ್ಷರಿಗೆ ನಿಜ ಹೇಳಿದೆ. "ಸಹಿ ನಿಮ್ಮದೇ ಅಲ್ವಾ? ಎಂಟಡಿ ಮೇಲೆ ಹತ್ತಿ ಮೂಗು ಯಾರು ಅಳೀತಾರೆ? ಈಗ ಬಾಯಿಬಿಟ್ಟರೆ ನಿಮ್ಮಣ್ಣನಿಗೇ ಅವಮಾನ" ಎಂದು ಟೀ ಕುಡಿಸಿ ಕಳಿಸಿದರು. ಶನಿವಾರ ಶಿಲ್ಪಿಗೆ ಹೇಳಿದೆ. ಅವರು ಬೈಯಲಿಲ್ಲ. ಮಣ್ಣು ಒಣಗದಿರಲೆಂದು ತಲೆಗೆ ಒದ್ದೆ ಬಟ್ಟೆ ಸುತ್ತುತ್ತಾ, "ನನಗೆ ಅನುಮಾನ ಇತ್ತು. ಅಣ್ಣನ ಬಗ್ಗೆ ಕೇಳಿದ್ರೆ ಕೈ, ಕತ್ತು, ಕೂದಲು ಎಲ್ಲಾ ಹೇಳ್ತೀರಿ. ಮುಖಕ್ಕೆ ಬಂದಾಗ ಬರೀ ತಲೆ ಆಡಿಸ್ತೀರಿ" ಅಂದರು. ಇಪ್ಪತ್ತೇಳನೇ ತಾರೀಕಿನವರೆಗೆ ಮಣ್ಣು ಹಸಿಯಾಗಿ ಇಡಬಲ್ಲರಂತೆ, ಆಮೇಲೆ ಎರಕ. ಮನೆಯ ಹಿರಿಯರು ಒಪ್ಪಲಿಲ್ಲವೆಂದರೆ ಸಮಿತಿ ನಿಲ್ಲಿಸಲೇಬೇಕು, ಅದು ನಿಯಮದಲ್ಲಿದೆ. ನನ್ನ ಸಹಿಯ ಮೇಲೆ ನಿಲ್ಲುವ ಮಾತು ಈಗ ನಿನ್ನದೊಂದೇ. "ತಿದ್ದೋಕೆ ನಾನು ಸಿದ್ಧ. ಆದ್ರೆ ಯಾರನ್ನ ನೋಡಿ ತಿದ್ದಲಿ?" ಎಂದು ಶಿಲ್ಪಿ ಕೇಳಿದರು.

ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಅಕ್ಕನಿಗೆ ಈ ಪತ್ರ ಓದಿ ಹೇಳು, ಭಾವನಿಗೆ ನಮಸ್ಕಾರ, ಅವರ ಮಗಳಿಗೆ ಮಾವನ ಮುತ್ತುಗಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಎರಡನೆಯವನು,
ಕತ್ತರಿ

ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು: ಶಿಲ್ಪಿ ಕೇಳಿದ್ದಕ್ಕೆ ಉತ್ತರ ನೀನೇ ಅಮ್ಮಾ. ಆ ಹುಬ್ಬು, ಆ ಗಲ್ಲ, ಮಾತಾಡುವ ಮೊದಲು ಒಂದು ಗಳಿಗೆ ಬಿಗಿಯುವ ಆ ತುಟಿ, ಅವನು ಎಲ್ಲವನ್ನೂ ತಂದದ್ದು ನಿನ್ನಿಂದ. ಬೆಳಿಗ್ಗೆ ಹೋಗಿ ಕೇಳಿಯೂ ಬಂದೆ. ವಯಸ್ಸು ಇಳಿಸುವುದು, ಗಂಡಸು ಮಾಡುವುದು ತನ್ನ ಕೆಲಸ, ಮುಖ ತಂದುಕೊಡಿ ಅಂದಿದ್ದಾರೆ. ಅಕ್ಕನಿಂದ ಆಗದು, ಅವಳಿಗೂ ಅಪ್ಪನ ಮೂಗೇ, ಬೇಜಾರು ಮಾಡಿಕೊಳ್ಳಬೇಡ ಅನ್ನು. ಇಪ್ಪತ್ತರೊಳಗೆ ಬಾ. ಇಳಿಜಾರು ನೋಡಬೇಕಾಗಿಲ್ಲ, ಶೆಡ್ಡಿಗೆ ಹಿಂದಿನ ರಸ್ತೆಯಿಂದ ಕರೆದುಕೊಂಡು ಹೋಗುತ್ತೇನೆ. ನೀನು ಬಂದ ದಿನವೇ ಮೀಸೆ ತೆಗೆಯುತ್ತೇನೆ. ಆ ಸ್ಟೂಲಿನ ಮೇಲೆ ಸುಮ್ಮನೆ ಕೂತಿರು, ಏನೂ ಮಾಡಬೇಡ. ಹುಬ್ಬಿನ ಕೆಲಸ ಬಂದಾಗ ನಾನು ಬೇಕೆಂದೇ ತಡವಾಗಿ ಓಡಿಬರುತ್ತೇನೆ.