ಹತ್ತಿರದ ಕೈ

ರಾಮಯ್ಯ ಕ್ಯಾಂಪ್, ಸಿಂಧನೂರು ತಾಲ್ಲೂಕು
೨೩ ಆಗಸ್ಟ್ ೧೯೮೮, ಮಂಗಳವಾರ

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ಅಮರಮ್ಮ ಮಲಗಿದಲ್ಲಿಂದಲೇ ನಿಮ್ಮ ಕಾಲಿಗೆ ಬೀಳುತ್ತಾಳೆ. ಮೊಣಕಾಲು ನೋವು ಹೇಗಿದೆ? ಲಿಂಗಸುಗೂರು ದವಾಖಾನೆಯಲ್ಲಿ ಕೊಟ್ಟ ಎಣ್ಣೆಯನ್ನು ನೀವೇ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಎಮ್ಮೆಯ ಕಾಲಿಗೆ ಹಚ್ಚಿ ಮುಗಿಸಿದ್ದೀರೋ? ಎಮ್ಮೆ ಈದಿತೇ? ಸಂತೆಕಲ್ಲೂರಿಗೆ ಮಳೆ ಬಂತೇ? ಇಲ್ಲಿ ಕಾಲುವೆ ತುಂಬಿ ಹರಿಯುತ್ತದೆ, ನಮಗೆ ಆಕಾಶ ನೋಡುವ ರೂಢಿಯೇ ತಪ್ಪಿದೆ. ಪತ್ರ ಓದಿ ಹೇಳುವ ಅಮರಗುಂಡಪ್ಪಣ್ಣ, ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರನ್ನು ಮೊದಲು ಕಳಿಸಿಬಿಡಿ. ಒಂದು ಕಣ್ಣು ತಕ್ಕಡಿಯ ಮೇಲಿಟ್ಟು ಓದಿದರೆ ಅತ್ತೆಗೆ ಗೊತ್ತಾಗುತ್ತದೆ.

ಅತ್ತೆಮ್ಮಾ, ನೀವು ಅಜ್ಜಿಯಾದಿರಿ. ಶನಿವಾರ ಮಧ್ಯಾಹ್ನ, ನಾಟಿಯ ಹೆಣ್ಣುಮಕ್ಕಳು ಬದುವಿನ ಮೇಲೆ ಬುತ್ತಿ ಬಿಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಮೂಗು ನಿಮ್ಮದು, ಸಿಟ್ಟೂ ನಿಮ್ಮದೇ. ನಾನೂ ಕೂಸೂ ಚೆನ್ನಾಗಿದ್ದೇವೆ. ನಿಮ್ಮ ಮಗ ಯಂಕೋಬ ಮಾತ್ರ ಅವತ್ತಿನಿಂದ ನೆಟ್ಟಗೆ ಊಟ ಮಾಡಿಲ್ಲ, ಕೂಸನ್ನು ನೋಡುತ್ತ ಕೂತಿರುತ್ತಾರೆ. ನಿಮಗೆ ಹಿಗ್ಗಿನ ಜೊತೆಗೇ ಮುನಿಸೂ ಬರುತ್ತದೆಂದು ಬಲ್ಲೆ. ಅರ್ಧ ಸಂತೆಕಲ್ಲೂರು ನಿಮ್ಮ ಕೈಯಲ್ಲಿ ಹುಟ್ಟಿದೆ, ನಿಮ್ಮ ಮೊಮ್ಮಗಳು ಮಾತ್ರ ಬೇರೆಯವರ ಕೈಗೆ ಬಂದಳು. ಚೊಚ್ಚಲಿಗೆ ತವರಿಗೆ ಹೋಗಬೇಕು, ನನಗೆ ತಾಯಿ ಇಲ್ಲ ಎಂದು ಅತ್ತಾಗ ನೀವು ನನ್ನ ತಲೆಯ ಮೇಲೆ ಮೊಟಕಿ, "ಯಾಕ ಅಳ್ತೀ ಬೇ? ನಾನ ನಿನ್ನ ತವರು" ಅಂದಿದ್ದಿರಿ. ಆ ಮಾತನ್ನು ಸಾಯುವ ತನಕ ಮರೆಯುವುದಿಲ್ಲ. ಪಂಚಮಿ ಮುಗಿದ ಮೇಲೆ ಬಸ್ಸು ಹತ್ತಿ ನಿಮ್ಮ ಹತ್ತಿರ ಬರುವುದೆಂದೇ ಇದ್ದೆವು. ಕೂಸಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಈ ನಾಟಿಯ ಗುಂಪಿನಲ್ಲಿ ನಾನು ಅಡುಗೆಯವಳು. ಒಂದು ಕ್ಯಾಂಪಿನ ನಾಟಿ ಮುಗಿದರೆ ಮುಂದಿನ ಕ್ಯಾಂಪಿಗೆ, ಅಲ್ಲಿಂದ ಮತ್ತೊಂದಕ್ಕೆ, ತಾಡಪತ್ರಿ ಸುತ್ತಿಕೊಂಡು ನಡೆಯುತ್ತಲೇ ಇರುತ್ತೇವೆ. ನಮ್ಮ ಮೇಸ್ತ್ರಿ ಮಸ್ಕಿಯ ಮುದುಕಮ್ಮ. ಹೆಸರಷ್ಟೇ ಮುದುಕಮ್ಮ, ನಡಿಗೆಯಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕುತ್ತಾಳೆ. ಹೊಸ ಕ್ಯಾಂಪು ಮುಟ್ಟಿದ ಕೂಡಲೇ, ಗಂಟು ಇಳಿಸುವ ಮೊದಲೇ, ಅವಳದು ಒಂದೇ ಹಾಡು: "ಒಲಿ ಆಮ್ಯಾಲ ಹೂಡ್ರಿ. ಮೊದಲ ಇಲ್ಲಿ ಸೂಲಗಿತ್ತಿ ಯಾರದಾರ ಕೇಳ್ರಿ." ಅನ್ನಕ್ಕಿಂತ ಮುಂಚೆ ಸೂಲಗಿತ್ತಿಯೇ ಎಂದು ನಾವು ನಗುತ್ತಿದ್ದೆವು. ಅವಳು ನಗುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಹತ್ತಿರದ ಸೂಲಗಿತ್ತಿಯ ಮನೆಗೆ ಹೋಗಿ, ಎಲೆ ಅಡಿಕೆ ಕೊಟ್ಟು, ಇವಳು ಇಲ್ಲಿರುವ ತನಕ ನಿಮ್ಮವಳು ಎಂದು ಒಪ್ಪಿಸಿ ಬರುತ್ತಿದ್ದಳು.

ಯಾಕೆಂದು ಆಮೇಲೆ ತಿಳಿಯಿತು. ಮುದುಕಮ್ಮನ ತಂಗಿಯೂ ಹಿಂದೆ ಹೀಗೇ ತುಂಬಿದ ಬಸುರಿಯಾಗಿ ನಾಟಿಗೆ ಬಂದಿದ್ದಳಂತೆ. ದೊಡ್ಡ ಹೆಸರಿನ ಸೂಲಗಿತ್ತಿಯೊಬ್ಬಳನ್ನು ಮೊದಲ ಕ್ಯಾಂಪಿನಲ್ಲೇ ಗೊತ್ತು ಮಾಡಿದ್ದರು. ನೋವು ಬರುವ ಹೊತ್ತಿಗೆ ಗುಂಪು ಎಷ್ಟೋ ದೂರ ಸರಿದಿತ್ತು. ಗೊತ್ತು ಮಾಡಿದವಳನ್ನೇ ಕರೆತರಬೇಕೆಂದು ಬಂಡಿ ಕಟ್ಟಿದರು. ದಾರಿಯಲ್ಲಿ ಬೇರೆ ಸೂಲಗಿತ್ತಿಯರ ಮನೆ ದಾಟಿಯೇ ಹೋದರಂತೆ, ಒಬ್ಬರಿಗೂ ನಿಲ್ಲಿಸಿ ಕೇಳಬೇಕೆನ್ನಿಸಲಿಲ್ಲ. ಬಂಡಿ ವಾಪಸು ಬರುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ. "ಹೆಸರಿನ ಬೆನ್ನ ಹತ್ತಿ ಬಾಗಲದಾಗಿನ ಕೈ ಬಿಟ್ವಿ" ಎಂದು ಮುದುಕಮ್ಮ ಈಗಲೂ ಹಣೆ ಚಚ್ಚಿಕೊಳ್ಳುತ್ತಾಳೆ.

ಹಾಗೆಂದು ನನ್ನನ್ನು ದಿನಕ್ಕೊಬ್ಬರ ಕೈಗೆ ಒಪ್ಪಿಸುತ್ತಲೂ ಇರಲಿಲ್ಲ. ಹಿಂದಿನ ಕ್ಯಾಂಪಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುವ ಒಬ್ಬ ಮುದುಕಿ ಇದ್ದಳು. ನಮ್ಮ ಗುಂಪು ಕಾಲುವೆಯ ಪಕ್ಕದ ತೂಬಿನ ಗದ್ದೆಗಳಿಗೆ ಸರಿದಾಗ ಮುದುಕಮ್ಮ ಬೇರೆಯವಳನ್ನು ಹುಡುಕಲು ಹೊರಟಳು. ಮುದುಕಿ ಸಿಟ್ಟಾಗಿ, "ತಾಸಿಗೊಬ್ಬಾಕಿ ಹೊಟ್ಟಿ ಮುಟ್ಟಿದ್ರ ಕೂಸಿಗೂ ಬ್ಯಾಸರ ಬರ್ತೈತಿ. ಅಲ್ಲಿ ತನಕ ನಾನ ನಡದು ಬರ್ತೀನಿ" ಅಂದು ಬಂದೇ ಬಂದಳು. ಅವಳ ಕಾಲಿಗೆ ನಿಲುಕದಷ್ಟು ದೂರ ಹೊರಟಾಗ ಮಾತ್ರ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಮುಂದಿನಾಕಿಗೆ ಮರೀದ ಹೇಳು, ತಲಿ ಇನ್ನಾ ಮ್ಯಾಲ ಐತಿ, ಕಾಲ ಮುಂದಾಗಿ ಬಂದೀತು" ಎಂದು ಹೇಳಿ ಕಳಿಸಿದಳು. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡುತ್ತ ಬಂದೆ.

ಆ ಮುಂದಿನವಳೇ ಈ ಕ್ಯಾಂಪಿನ ಕರೆಮ್ಮ. ನಾನು ಹೇಳಿದ್ದನ್ನು ಕೇಳಿ ಆವತ್ತೇ ಟ್ರ್ಯಾಕ್ಟರಿನ ಕರೀಂಸಾಬನ ಮನೆಗೆ ಹೋಗಿ ಗಾಡಿಯನ್ನು ದೂರ ಒಯ್ಯಬೇಡ ಎಂದು ಹೇಳಿ ಬಂದಳು. ನೋವು ಶುರುವಾದಾಗ ಟ್ರ್ಯಾಕ್ಟರು ಕಾಲುವೆ ಏರಿಯ ಮೇಲೆ ಸಿಂಧನೂರಿನ ದವಾಖಾನೆಯ ಕಡೆ ಮುಖ ಮಾಡಿ ನಿಂತಿತ್ತು. ಕೊನೆಗೆ ಅದು ಬೇಕಾಗಲಿಲ್ಲ. ಕೂಸು ಆ ಮುದುಕಿ ಹೇಳಿದಂತೆ ಕಾಲು ಮುಂದಾಗಿಯೇ ಬಂತು. ಕರೆಮ್ಮ ಮೊದಲೇ ಗೊತ್ತಿದ್ದವಳ ಹಾಗೆ ಕೈ ಅವಸರ ಮಾಡದೆ ಕಾದಳು. ನನಗೆ ಜೀವ ಹೋದಂತಾಗಿ ನಿಮ್ಮ ಹೆಸರು ಹಿಡಿದು ಕೂಗಿದೆ. ಉಸಿರು ಹಿಡಿಯಬೇಡ, ಬಿಡು ಎಂದು ಹಿತ್ತಲಲ್ಲಿ ಕೂರಿಸಿಕೊಂಡು ನೀವು ಕಲಿಸಿದ್ದು ಆಗ ಕೈಹಿಡಿಯಿತು. ಹಾಗಾಗಿ ನಿಮ್ಮ ಕೈ ಇಲ್ಲಿ ಇರಲೇ ಇಲ್ಲ ಎಂದು ಕೊರಗಬೇಡಿ.

ಇನ್ನೊಂದು ಮಾತು, ಬೇಸರಪಡಬೇಡಿ. ನಾನು ಹೊಸದಾಗಿ ಮನೆಗೆ ಬಂದಾಗ ಹಳ್ಳದ ದಂಡೆಯಲ್ಲಿ ಗುಡಾರ ಹಾಕಿದ್ದವನೊಬ್ಬ ಹೆರಿಗೆಗೆಂದು ನಿಮ್ಮನ್ನು ಕರೆಯಲು ಬಂದಿದ್ದ. ಬಾಗಿಲಲ್ಲೇ ನೀವು, "ಊರ ಇಲ್ಲದವರಿಗೆ ಸೂಲಗಿತ್ತಿ ಎಲ್ಲಿಂದ ತರೂದು? ನಿಮ್ಮ ಊರಿಗೆ ಹೋಗ್ರಿ" ಅಂದು ಕಳಿಸಿಬಿಟ್ಟಿರಿ. ನಿಮಗೆ ಆ ದಿನ ಏನು ತೊಂದರೆಯಿತ್ತೋ ನಾನು ಕೇಳಲಿಲ್ಲ. ಶನಿವಾರ ತಾಡಪತ್ರಿಯ ಕೆಳಗೆ ಮಲಗಿದ್ದಾಗ ಆ ಮನುಷ್ಯನ ಮುಖ ನೆನಪಾಯಿತು, ನಾನೂ ಊರಿಲ್ಲದವಳೇ ಆಗಿದ್ದೆನಲ್ಲ. ಕರೆಮ್ಮ ಯಾವ ಊರು, ಯಾರ ಮನೆ ಎಂದು ಕೇಳಲೇ ಇಲ್ಲ. ಏರಿಯ ಈ ಕಡೆ ಮಲಗಿದ್ದಾಳೋ ಆ ಕಡೆಯೋ ಎಂದಷ್ಟೇ ಕೇಳಿಕೊಂಡು ಓಡಿ ಬಂದಳಂತೆ.

ಅವಳಿಗೆ ಸೀರೆ ಕೊಡಲು ಹೋದರೆ ಮುಟ್ಟಲಿಲ್ಲ. ಮುದುಕಮ್ಮ ಹಟ ಮಾಡಿದಳು, ಯಂಕೋಬ ಕೈಮುಗಿದರು, ಆದರೂ ಒಲ್ಲೆ ಅಂದಳು. ಈ ಋಣ ಹೇಗೆ ತೀರಿಸುವುದೋ ತಿಳಿಯದೆ ನಾನು ಕೂಸನ್ನು ಅವಳ ಮಡಿಲಲ್ಲಿಟ್ಟು ಅತ್ತುಬಿಟ್ಟೆ. ಕೂಸಿಗೆ ಹೆಸರು ನೀವೇ ಇಡಬೇಕು, ಅಲ್ಲಿಯ ತನಕ ಎಲ್ಲರೂ ಚಿನ್ನಿ ಅನ್ನುತ್ತಿದ್ದಾರೆ. ನಡೆಯುವಷ್ಟು ಶಕ್ತಿ ಬಂದ ಕೂಡಲೇ ಬರುತ್ತೇವೆ. ಅಲ್ಲಿಯ ತನಕ ನಿಮ್ಮ ಆಶೀರ್ವಾದ ಕೂಸಿನ ನೆತ್ತಿಯ ಮೇಲಿರಲಿ. ಅಮರಗುಂಡಪ್ಪಣ್ಣನಿಗೆ ಶರಣು, ಎಮ್ಮೆಯ ಬೆನ್ನಿನ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಾಡಿಸಿ.

ನಿಮ್ಮ ಸೊಸೆ, ಮಗಳೂ ಸಹ,
ಅಮರಮ್ಮ

ತಾ.ಕ.: ಲಾರಿಯ ಯೂನುಸ ಮಸ್ಕಿಯ ಮೇಲೆ ನಿಮ್ಮೂರ ಕಡೆಗೇ ಹೊರಟು ನಿಂತಿದ್ದಾನೆ, ಅಂಚೆಗೆ ಹಾಕಿದರೆ ತಡವಾದೀತೆಂದು ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಕರೆಮ್ಮ ಈಗಷ್ಟೇ ಬಾಯಿಬಿಟ್ಟಳು. ಅವಳ ಮಗಳು ಹುಲಿಗೆಮ್ಮ ರಸ್ತೆ ಕೆಲಸದವರ ಜೊತೆ ನಿಮ್ಮ ಊರ ಹಳ್ಳದ ದಂಡೆಯ ಗುಡಾರದಲ್ಲೇ ಇದ್ದಾಳೆ, ತಿಂಗಳು ತುಂಬಿದೆ. ಅಲ್ಲಿನ ಸೂಲಗಿತ್ತಿ ಗುಡಾರಕ್ಕೆ ಬರುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದಾರಂತೆ. ಅದಕ್ಕೆ ಬಸ್ಸು ಹತ್ತಿ ತಾಯಿಯ ಹತ್ತಿರ ಬರುತ್ತೇನೆಂದು ಹೇಳಿ ಕಳಿಸಿದ್ದಾಳೆ, ಅಷ್ಟು ದೂರ ತಡೆಯುವ ಸ್ಥಿತಿ ಅವಳದಲ್ಲ. ಪತ್ರದ ಜೊತೆ ಎಲೆ ಅಡಿಕೆ ಇಟ್ಟಿದ್ದೇನೆ, ಅದು ಕರೆಮ್ಮ ನಿಮಗೆ ಕೊಟ್ಟದ್ದು. ಸಂತೆಕಲ್ಲೂರಿನ ಸೂಲಗಿತ್ತಿ ನನ್ನ ಅತ್ತೆಯೇ ಎಂದು ಅವಳಿಗೆ ಹೇಳಿದೆ. ಅತ್ತೆಯ ಮನೆಯಿಂದ ಆ ಗುಡಾರ ಎಷ್ಟು ದೂರ ಎಂದು ಕೇಳಿದಳು. ಹತ್ತಿರವೇ ಎಂದು ಹೇಳಿಬಿಟ್ಟಿದ್ದೇನೆ ಅತ್ತೆಮ್ಮಾ, ನನ್ನ ಮಾತು ಉಳಿಸಿ.