ಮೊದಲ ಪೆಟ್ಟು ಯಾವ ಬೀದಿಗೆ

ಜೂನ್ 2, 2025, ಸೋಮವಾರ

ಡೇರಿಗೆ ಹಾಲು ಹಾಕಿ ಬಂದೆ. ಫ್ಯಾಟ್ ಇವತ್ತೂ ಕಮ್ಮಿ. ಎಮ್ಮೆಗೆ ಹೇಳಿದೆ, ಕಿವಿ ಅಲ್ಲಾಡಿಸಿತು. ಪಾವಗಡದ ಬಸ್ಸು ಲೇಟು. ರಿಟೈರ್ ಆಗಿ ವರ್ಷವಾದರೂ ಹಾರ್ನ್ ಕೇಳಿದರೆ ಕೈ ಟಿಕೆಟ್ ಬ್ಯಾಗ್ ಹುಡುಕುತ್ತದೆ.

ಡೇರಿ ಮುಂದೆ ನವೀನ್ ಕುಮಾರ್ ಹಿಡಿದುಕೊಂಡ. ಯುವಕ ಸಂಘದ ಅಧ್ಯಕ್ಷ, ಸುಮ್ಮನೆ ಕೂರುವ ಜಾತಿಯಲ್ಲ.

“ಓಬಳರಾಜಣ್ಣ, ಇಪ್ಪತ್ತೈದಕ್ಕೆ ಎಮರ್ಜೆನ್ಸಿಗೆ ಐವತ್ತು ವರ್ಷ. ಸ್ಕೂಲ್ ಮುಂದೆ ಪ್ರೋಗ್ರಾಂ ಇಟ್ಕಂಡಿದೀವಿ. ನಿನ್ ಗುಡ್ಡ ಹತ್ತಿದ ಕತೆ ಬೇಕೇ ಬೇಕು.”

ಆ ಕತೆ ಮಧುಗಿರಿಯಿಂದ ಪಾವಗಡದವರೆಗೆ ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಸಂತಾನಹರಣ ಆಪರೇಷನ್‌ಗೆ ಗಂಡಸರನ್ನು ಎಳೆದೊಯ್ಯಲು ಜೀಪು ಬರುತ್ತಿದ್ದ ಕಾಲ. ಊರಿಗೆ ಸಾರುತ್ತಿದ್ದ ದಾಸಯ್ಯ ದೂರದಲ್ಲೇ ಜೀಪು ಕಂಡು ತಮಟೆ ಬಡಿಯುತ್ತಾನೆ. ಊರ ಗಂಡಸರೆಲ್ಲ ಗುಡ್ಡಕ್ಕೆ! ನಮ್ಮಪ್ಪ ಅರ್ಧ ಗಡ್ಡ ಬೋಳಿಸಿಕೊಂಡು ಓಡಿದ. ನನ್ನ ಓರಗೆಯ ಶಂಕರಲಿಂಗಪ್ಪನ ತಾತ ಎಪ್ಪತ್ತು ದಾಟಿದ ಮುದುಕ, ಎಲ್ಲರಿಗಿಂತ ಮುಂದೆ. ಅಲ್ಲಿಗೆ ಬಸ್ಸಿನಲ್ಲಿ ನಗದವರಿಲ್ಲ.

ದಾಸಯ್ಯನಿಗೆ ಶಾಲು ಹೊದಿಸಬೇಕಂತೆ. ಸ್ಟೇಜ್ ಮೇಲೆ ಒಂದೇ ಒಂದು ಸಲ ಅವನು ತಮಟೆ ಬಡಿಯಬೇಕಂತೆ. ಆದರೆ ಅವನು ಒಪ್ಪುತ್ತಿಲ್ಲ.

“ನಿನ್ ಬಾಯಿಗೆ ಎಂಥೋರೂ ಬೀಳ್ತಾರೆ. ಒಪ್ಪಿಸ್ಬುಡಣ್ಣ.”

ಒಪ್ಪಿಸುತ್ತೇನೆ ಅಂದೆ. ಏನು ಮಹಾ.

ಜೂನ್ 4

ಕೆರೆ ಏರಿ ಇಳಿದರೆ ಸಿಗುವ ಮೊದಲ ಮನೆಗಳೇ ದಾಸಯ್ಯನ ಕೇರಿ. ಹೊಂಗೆ ಮರದಡಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ. ಎಂಬತ್ತು ದಾಟಿದೆ, ಕಣ್ಣು ಚುರುಕು. ನಮ್ಮಪ್ಪ ಅವನನ್ನು “ಲೇ ದಾಸ” ಅನ್ನುತ್ತಿದ್ದ. ನಾನು ದಾಸಣ್ಣ ಅನ್ನುತ್ತೇನೆ.

“ಬಡಿಯಲ್ಲ ಕಂಡಕ್ಟ್ರೇ.”

“ಯಾಕಣ್ಣ?”

“ಕೈ ಬರಲ್ಲ.”

ಹೇಳುತ್ತಾ ಎರಡೂ ಕೈಯಲ್ಲಿ ಬೀಜ ತೆಗೆದು ಬುಟ್ಟಿಗೆ ಹಾಕುತ್ತಿದ್ದ. ನಕ್ಕೆ. ಅವನು ನಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಮಂಜಮ್ಮ ಬಂದಳು. ಅವನ ತಮ್ಮ ಕದರಯ್ಯನ ಹೆಂಡತಿ. ಕದರಯ್ಯ ಕೋವಿಡ್ ವರ್ಷ ಹೋದ. ಮಕ್ಕಳಿಲ್ಲ. ಎರಡೂ ಮನೆ ನಡುವಿನ ಮೋಟುಗೋಡೆ ಮೇಲೆ ಮುದ್ದೆ, ಸಾರು ಇಟ್ಟು ತಿರುಗಿ ನೋಡದೆ ಹೋದಳು. ದಾಸಣ್ಣ ಎದ್ದು ತೆಗೆದುಕೊಂಡ.

“ಮಾತಿಲ್ವಾ?”

“ಊಟ ಐತಲ್ಲ,” ಅಂದ.

ಇದೆಂಥದ್ದು? ದಿನಾ ಊಟ ಇಡುವವಳು ಮಾತು ಯಾಕೆ ಇಡುವುದಿಲ್ಲ?

ಜೂನ್ 7

ಟೀ ಅಂಗಡಿಯಲ್ಲಿ ಶಂಕರಲಿಂಗಪ್ಪ. ದಾಸಯ್ಯ ಯಾಕೆ ಒಪ್ಪುತ್ತಿಲ್ಲ ಅಂತ ಕೇಳಿದೆ.

“ಸಂಕೋಚ ಕಣಯ್ಯ. ಹಳೇ ಮನುಷ್ಯ. ಅವತ್ತು ಅವನಿಲ್ದೇ ಇದ್ದಿದ್ರೆ ನನ್ ತಮ್ಮಂದ್ರು ಎಲ್ಲಿ ಹುಟ್ತಿದ್ರು? ನಮ್ಮಪ್ಪನ್ನ ಉಳಿಸ್ದೋನು ಅವನೇಯಾ.”

ಅಲ್ಲಿಂದ ದೇವರಾಜು ಮೇಷ್ಟ್ರ ಮನೆಗೆ. ಅವರೂ ಕೇರಿಯವರೇ. ಗೋಡೆ ಮೇಲೆ ಬುದ್ಧ, ಅಂಬೇಡ್ಕರ್. ಎಪ್ಪತ್ತರ ದಶಕದಲ್ಲಿ ತುಮಕೂರಿನಲ್ಲಿ ಓದುತ್ತಿದ್ದರು. ಸಭೆ, ಮೆರವಣಿಗೆ, ಲಾಠಿ ಎಲ್ಲ ಕಂಡವರು. ಊರಿಗೆ ಬಂದರೆ ಹೋಟೆಲ್ ಒಳಗೆ ಹೋಗಿ ಕೂರುವುದೇ ಒಂದು ಯುದ್ಧ. ಸತ್ತ ದನ ಎಳೆಯಲ್ಲ, ತಮಟೆ ಮುಟ್ಟಲ್ಲ ಅಂತ ಕೇರಿಯವರೆಲ್ಲ ಕೂತು ತೀರ್ಮಾನ ಮಾಡಿದ್ದೂ ಆಗಲೇ.

“ತಮಟೆ ಬುಟ್ಬುಡಿ ಅಂತ ಮನೆ ಮನೆಗೂ ಹೋದ್ವಿ. ದಾಸಣ್ಣನ ಮನೇಗ್ ಹೋದ್ರೆ ತಮಟೇನೇ ಇಲ್ಲ! ಆಗ್ಲೇ ಕೆರೆಗೆ ಎಸೆದು ಬಂದ್ಬುಟ್ಟಿದ್ರು. ನಮಗಿಂತ ಮುಂದೆ ಆವಯ್ಯ. ಸಭೇಲಿ ಹಾರ ಹಾಕಿದ್ವಿ.”

“ಹಾಕಿಸ್ಕಂಡ್ರಾ?”

ಮೇಷ್ಟ್ರು ತಲೆ ಕೆರೆದುಕೊಂಡರು. “ಹಾಕಿದ್ ತಕ್ಷಣ ತೆಗೆದು ಕುರ್ಚಿ ಮೇಲಿಟ್ಟು ಹೊರಟೋದ್ರು.”

ಮೇಲಿನ ಬೀದಿಗೆ ಬಡಿದದ್ದಕ್ಕೆ ದೊಡ್ಡವನು, ಕೆಳಗಿನ ಬೀದಿಗೆ ಬಿಟ್ಟದ್ದಕ್ಕೆ ದೊಡ್ಡವನು. ಎರಡೂ ಕಡೆಯ ಮರ್ಯಾದೆ ಅವನಿಗೆ ಮಾತ್ರ ಬೇಡ... ಯಾಕೆ?

ಜೂನ್ 8, ರಾತ್ರಿ ಊಟವಾದ ಮೇಲೆ

ಮುದ್ದಕ್ಕನಿಗೆ ಎಲ್ಲ ಹೇಳಿದೆ. ಹೆಂಡತಿಗೆ ಹೇಳದೆ ಯಾವ ಕತೆಯೂ ನನಗೆ ಪೂರ್ತಿಯಾಗುವುದಿಲ್ಲ. ಸೊಪ್ಪು ಬಿಡಿಸುತ್ತಾ ಕೇಳಿದಳು.

“ಮಂಜಮ್ಮ ನಿಮ್ ಕತೆಗೆ ಯಾವತ್ತಾದ್ರೂ ನಕ್ಕಿದ್ದು ನೋಡಿದೀರಾ?”

ನೆನಪು ಮಾಡಿಕೊಂಡೆ. ಇಲ್ಲ. ಗುಡ್ಡ ಅಂದ ಕೂಡಲೇ ಎದ್ದು ಹೋಗುತ್ತಿದ್ದಳು. ಮನೆಗೆಲಸ ಇರಬೇಕು ಅಂದುಕೊಂಡಿದ್ದೆ. ಅಷ್ಟು ವರ್ಷ ಅದೇ ಅಂದುಕೊಂಡಿದ್ದೆ.

ಜೂನ್ 12

ಇವತ್ತು ಕತೆಯ ದಾರಿಯಲ್ಲಿ ನಡೆದು ನೋಡಿದೆ. ಬಸ್ಸಿಳಿದವನ ಹಾಗೆ ಏರಿ ಮೇಲಿಂದ ಶುರು. ಜೀಪು ಬಂದದ್ದು ಇದೇ ದಾರಿ. ದಾಸಣ್ಣ ಏರಿ ಮೇಲೆ ಎಮ್ಮೆ ಮೇಯಿಸುತ್ತಾ ದೂರದಲ್ಲಿ ದೂಳು ಕಂಡದ್ದು. ಇಳಿದ. ತಮಟೆ ಇದ್ದದ್ದು ಅವನ ಮನೆಯಲ್ಲಿ, ಅಂದರೆ ಕೇರಿಯಲ್ಲಿ. ಅಲ್ಲಿಂದ ಹಳ್ಳ ದಾಟಿ, ಬಾವಿ ಬಳಸಿ ನಮ್ಮ ಬೀದಿ. ಆಮೇಲೆ ಗುಡ್ಡ.

ಬಾವಿ ಕಟ್ಟೆ ಹತ್ತಿರ ಬಂದಾಗ ನಿಂತುಬಿಟ್ಟೆ. ಗುಡ್ಡದ ಮೇಲೆ ಅವತ್ತು ಯಾರಿದ್ದರು? ನನಗೆ ಹನ್ನೆರಡು, ಅಪ್ಪನ ಹಿಂದೆಯೇ ಹತ್ತಿದ್ದೆ. ಒಂದೊಂದೇ ಮುಖ ನೆನೆದೆ. ಕೋಟೆ ಬೀದಿಯವರು, ಪಟೇಲರ ಬೀದಿಯವರು, ಗುಡಿ ಬೀದಿಯವರು.

ಕೇರಿಯವರು ಒಬ್ಬರೂ ಇಲ್ಲ.

‘ಊರ ಗಂಡಸರೆಲ್ಲ’ ಅಂತ ಹೇಳುತ್ತಾ ಬಂದಿದ್ದೇನೆ.

ಸಂಜೆ ಶಂಕರಲಿಂಗಪ್ಪನನ್ನು ಕೇಳಿದೆ: ತಮಟೆ ಮೊದಲು ಎಲ್ಲಿ ಬಡಿಯುತ್ತಿದ್ದರು?

“ಪಟೇಲರ ಬಾಗಿಲಲ್ಲಿ. ಆಮೇಲೆ ಗುಡಿ, ಕೋಟೆ ಬೀದಿ. ಕೇರಿಗೆ ಕೊನೇಗೆ. ಪಟೇಲರಿಗಿಂತ ಮುಂಚೆ ಬೇರೆಲ್ಲೂ ಕೋಲು ತಾಗಿಸಂಗೇ ಇಲ್ಲ. ಯಾಕಯ್ಯಾ? ಅದೇನ್ ಹೊಸಾದಾ?”

ಹೊಸದಲ್ಲ.

ಜೂನ್ 14

ಮಂಜಮ್ಮ ಜಗಲಿ ಮೇಲೆ ಚಾಪೆ ಹಾಕಿದಳು. ಕೇಳಲೋ ಬೇಡವೋ ಅಂತ ಹುಳಿ ಮಜ್ಜಿಗೆ ಎರಡು ಲೋಟ ಕುಡಿದೆ. ಅವಳೇ ಶುರು ಮಾಡಿದಳು.

“ನಿಮ್ ಕತೇಲಿ ನಾನಿಲ್ಲ ಕಣ್ ಬುಡಪ್ಪ. ಹುಲ್ಲು ಹೊತ್ತಿಸ್ದೋಳು ನಾನು.”

ಆಗಿನ ತಮಟೆ ಚರ್ಮದ್ದು. ಬೆಂಕಿಗೆ ಹಿಡಿದು ಕಾಯಿಸದಿದ್ದರೆ ಸದ್ದು ಏಳುವುದಿಲ್ಲ. ದಾಸಣ್ಣ ಏದುಸಿರು ಬಿಡುತ್ತಾ ಬಂದು ಬೆಂಕಿ ಅಂದನಂತೆ. ಇವಳು ಮದುವೆಯಾಗಿ ಬಂದ ಹೊಸತು. ಹುಲ್ಲು ಹೊತ್ತಿಸಿದಳು.

“ಏನ್ ಬಾವ ಅಂದೆ. ಊರಿಗೆ ಸಾರ್ಬೇಕು ಅಂದ್ರು. ತಮಟೆ ಕಾಯಿಸ್ಕಂಡ್ರು, ಬೆರಳಲ್ಲಿ ಮುಟ್ಟಿ ನೋಡ್ಕಂಡ್ರು, ಕಂಕುಳಿಗೆ ಸಿಗಿಸ್ಕಂಡು ಓಡಿದ್ರು. ನಮ್ಮನೆಯೋರು ರಾತ್ರಿಯೆಲ್ಲ ನೀರು ಕಟ್ಟಿ ಬಂದು ಇದೇ ಜಗಲೀಲಿ ಮಲಗಿದ್ರು. ಅವರ ಕಾಲು ದಾಟ್ಕಂಡೇ ಹೋದ್ರು.”

“ಹೇಳಲಿಲ್ವಾ?”

“ಇಲ್ಲ. ಮೇಲ್ಬೀದೀಲಿ ತಮಟೆ ಕೇಳಿಸ್ತು. ಏನೋ ಸಾರ್ತಾವ್ರೆ, ನಮ್ ಕೇರಿಗೆ ಬಂದಾಗ ತಿಳೀತದೆ ಅಂತ ಪಾತ್ರೆ ಬೆಳಗ್ತಾ ಕೂತೆ. ಜೀಪೇ ಮೊದಲು ಬಂತು.”

ಕದರಯ್ಯನ ಜೊತೆ ಕೇರಿಯ ಇನ್ನೂ ಐದಾರು ಜನರನ್ನು ಜೀಪಿಗೆ ಎಳೆದು ಹಾಕಿಕೊಂಡು ಹೋದರಂತೆ. ಆಪರೇಷನ್ ಮಾಡಿಸಿಕೊಂಡು ಮೂರು ದಿನ ಬಿಟ್ಟು ವಾಪಸ್ ಬಂದರು. ದಾಸಣ್ಣ ಅವತ್ತೇ ತಮಟೆ ಎಸೆದದ್ದು.

“ಹೆದರಿದ್ರೇನೋ ಮಂಜಮ್ಮ. ಪಟೇಲರ ಕಾಲ.”

“ಹೆದರಿದ್ರೆ ಬೈದು ಸುಮ್ನಾಗ್ತಿದ್ದೆ. ಬೇಕಂತ ಮಾಡಿದ್ರೆ ಶಾಪ ಹಾಕ್ತಿದ್ದೆ. ಅವರಿಗೆ ತೋಚ್ಲೇ ಇಲ್ಲ ನೋಡು! ಮನೆ ಮುಂದೇನೇ ನಿಂತು, ನಾವೂ ಇದೀವಿ ಅಂತ ನೆನಪಾಗ್ಲಿಲ್ಲ. ಅದಕ್ಕೆ ಏನಂತ ಬೈಯ್ಯಾದು?”

ಲೋಟ ತೊಳೆಯಲು ಒಳಗೆ ಹೋದಳು. ನಾನು ಎದ್ದು ಬಂದೆ.

ಜೂನ್ 19

ನವೀನನಿಗೆ ಹೇಳಿದೆ, ಈ ಕತೆ ಬೇಡ. ಸನ್ಮಾನವೂ ಬೇಡ.

“ಫ್ಲೆಕ್ಸ್ ಪ್ರಿಂಟ್ ಆಗೋಯ್ತಣ್ಣ. ಮಧುಗಿರಿಯಿಂದ ತಂದು ಕಟ್ಟಿದ್ದೂ ಆಯ್ತು.”

ಏರಿ ಮೇಲಿನ ಬಸ್ ಸ್ಟಾಪಿನಲ್ಲಿ, ಕೇರಿಯ ದಾರಿಗೆ ಎದುರಾಗಿ. ‘ಊರನ್ನು ಉಳಿಸಿದ ದಾಸಯ್ಯ’. ಫೋಟೋ ವೋಟರ್ ಐಡಿಯದು, ಆಳೆತ್ತರ ಹಿಗ್ಗಿಸಿದ್ದಾರೆ. ಮಂಜಮ್ಮ ನೀರಿಗೆ ಹೋಗುವುದು ಅದರ ಕೆಳಗೇ.

ಜೂನ್ 22

ದಾಸಣ್ಣ ಫ್ಲೆಕ್ಸ್ ನೋಡಿರಲಿಲ್ಲ. ಈಚೆಗೆ ಏರಿ ಹತ್ತುವುದಿಲ್ಲ. ಹೇಳಿದೆ. ಬೇಕಾದರೆ ನಾನೇ ಹೋಗಿ ಬಿಚ್ಚುತ್ತೇನೆ ಅಂದೆ.

ಬುಟ್ಟಿ ಪಕ್ಕಕ್ಕೆ ಇಟ್ಟ.

“ಅವಳು ನೋಡಿದ್ಲಾ?”

“ದಿನಾ ನೋಡ್ತಾಳೆ.”

ಮೋಟುಗೋಡೆ ಕಡೆ ನೋಡಿದ. ಆಮೇಲೆ, “ತಮಟೆ ಯಾರತ್ರ ಐತೆ ಈಗ?”

ಮಂಜಮ್ಮ ಹೇಳಿದ್ದೆಲ್ಲ ಬಾಯಿ ತುದಿಗೆ ಬಂತು. ನುಂಗಿಕೊಂಡೆ. ಅದು ನಾನು ಹೊತ್ತು ತಂದು ಹೇಳುವ ಮಾತಲ್ಲ.

ತಮಟೆ ಕೇಳಿದ ಅಂತ ನವೀನನಿಗೆ ಫೋನ್ ಮಾಡಿದರೆ ಕುಣಿದಾಡಿದ. “ನೋಡಣ್ಣ, ನಾನ್ ಹೇಳ್ಲಿಲ್ವಾ!”

ದಾಸಣ್ಣ ಯಾಕೆ ಒಪ್ಪಿದ? ಒಪ್ಪಿದನೋ, ಇಲ್ಲವೋ?

ಜೂನ್ 25, ಮಧ್ಯಾಹ್ನ

ಸ್ಟೇಜಿನಿಂದ ದೂರ ಬಂದು ಕೂತು ಬರೆಯುತ್ತಿದ್ದೇನೆ. ಮರೆಯುವ ಮೊದಲು.

ಬೆಳಿಗ್ಗೆ ಕರೆದುಕೊಂಡು ಹೋಗಲು ಹೋದೆ. ದಾಸಣ್ಣನೇ ಕೇಳಿದ ಅಂದದ್ದಕ್ಕೆ ದೇವರಾಜು ಮೇಷ್ಟ್ರು ಕೊರಟಗೆರೆ ಕಡೆಯ ಮೇಳದವರಿಂದ ತಮಟೆ ತರಿಸಿದ್ದರು. ಫೈಬರ್‌ದು, ಕಾಯಿಸುವ ಕೆಲಸವೇ ಇಲ್ಲ. ದಾಸಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಬೆಂಕಿ ಬ್ಯಾಡ್ವಾ?” ಅಂದ. ಬೇಡ ಅಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್. ಮೈಕಿನಲ್ಲಿ ಆಗಲೇ ಅವನ ಹೆಸರು ಕೂಗುತ್ತಿದ್ದರು.

ಹೊರಗೆ ಬಂದ. ಸ್ಕೂಲ್ ಕಡೆ ತಿರುಗಲಿಲ್ಲ. ಪಕ್ಕದ ಮನೆ ಜಗಲಿ ಮುಂದೆ ಹೋಗಿ ನಿಂತ. ಬಾಗಿಲು ಮುಚ್ಚಿತ್ತು.

ಬಡಿದ.

ಎಂಬತ್ತು ದಾಟಿದ ಕೈ ಅದಲ್ಲ. ಹೊಂಗೆ ಮರದ ಕಾಗೆ ಎದ್ದವು. ಕೇರಿಯವರೆಲ್ಲ ಹೊರಗೆ ಬಂದರು.

“ಕೇಳ್ರಪ್ಪೋ ಕೇಳ್ರಿ! ಜೀಪು ಬತ್ತಾ ಐತೆ! ಕದರಾ... ಏಳ್ಲಾ! ಓಡ್ಲಾ ಕದರಾ!”

ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. ನನ್ನ ಫೋನು ಒದರುತ್ತಿತ್ತು. ನವೀನ. ಗೆಸ್ಟ್ ಬಂದಿದ್ದಾರಂತೆ, ಎಲ್ಲಿದ್ದೀರಿ ಅಂತ.

ಬಾಗಿಲು ತೆರೆಯಿತು. ಮಂಜಮ್ಮ. ಕೈಯೆಲ್ಲ ರಾಗಿ ಹಿಟ್ಟು. ಜಗಲಿ ನೋಡಿದಳು, ಅವನನ್ನು ನೋಡಿದಳು. ದಾಸಣ್ಣನ ಕೋಲು ಗಾಳಿಯಲ್ಲೇ ನಿಂತಿತ್ತು.

“ಇನ್ನೊಂದ್ ಕಿತ ಬಡೀರಿ ಬಾವ,” ಅಂದಳು. “ಮೇಲ್ಬೀದಿಗೆ ಕೇಳಿಸ್ಲಿಲ್ಲ.”

ಫೋನ್ ಆಫ್ ಮಾಡಿದೆ. ದಾಸಣ್ಣ ಕೋಲು ಎತ್ತಿ ಮತ್ತೆ ಬಡಿದ, ಮೊದಲಿಗಿಂತ ಜೋರಾಗಿ.