ಮಂಜು ಸರಿದಾಗ ನಾನು ಫೋನಿನಲ್ಲಿದ್ದೆ

ಬೆಟ್ಟದ ಮೇಲಿನ ವಸತಿಗೃಹ
ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ

ಪ್ರೀತಿಯ ಅಣ್ಣಾ,

ಅಮ್ಮ ಹೇಗಿದ್ದಾಳೆ? ರಾತ್ರಿ ನಿದ್ದೆ ಮಾಡಿದಳಾ? ಬೆಳಿಗ್ಗೆ ಎದ್ದವಳು ಮುಖ ಸಿಂಡರಿಸಿಕೊಂಡಿದ್ದರೆ ಗಾಬರಿಯಾಗಬೇಡ, ಅದು ಕಾಯಿಲೆಯಲ್ಲ, ಹುಟ್ಟುಗುಣ. ಚಹಾ ಹೊಟ್ಟೆಗಿಳಿದ ಮೇಲೆ ಸರಿಹೋಗುತ್ತಾಳೆ. ನಿನ್ನ ಸೊಂಟ ಹೇಗಿದೆ? ಅವಳನ್ನು ಎಬ್ಬಿಸಿ ಕೂರಿಸುವಾಗ ಬಗ್ಗಿ ಎಳೆಯಬೇಡ, ಮಂಡಿ ಮಡಿಸಿ ಅವಳ ಎಡಗೈಯನ್ನು ನಿನ್ನ ಹೆಗಲಿಗೆ ಹಾಕಿಸಿಕೋ ಎಂದು ಹೊರಡುವಾಗಲೇ ಹೇಳಿದ್ದೆ. ನೀನು ಮೊಬೈಲ್ ನೋಡುತ್ತಾ ‘ಹೂಂ ಹೂಂ’ ಅಂದಿದ್ದೆ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಇವಳೇನು ಎರಡು ದಿನಕ್ಕೆ ಹೋದವಳು ಕಾಗದ ಬರೆಯಲು ಕೂತಳು ಎಂದು ನಗಬೇಡ. ಇಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಈ ವಸತಿಗೃಹದ ಯಜಮಾನರ ಮೇಜಿನ ಮೇಲೆ ಒಂದು ಫೋನ್ ಇದೆ, ಅದರ ನಂಬರು ನಿನಗೆ ಎಷ್ಟು ಚೆನ್ನಾಗಿ ಬಾಯಿಪಾಠವಾಗಿದೆ ಎಂಬುದು ಈಗ ಇಡೀ ವಸತಿಗೃಹಕ್ಕೇ ಗೊತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಯಾವತ್ತು ಬಿಟ್ಟಿದ್ದೀಯ? ‘ಸರಿ ಪುಟ್ಟಿ, ನೋಡೋಣ ಬಿಡು’ ಅಂತ ಇಟ್ಟೇಬಿಡುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕೂತು ಪೂರ್ತಿ ಓದು.

ನಾವು ಮೂವರೂ ನಿನ್ನೆ ಮಧ್ಯಾಹ್ನದ ಹೊತ್ತಿಗೆ ಬಂದು ಸೇರಿದೆವು. ಗಿಳಿಯನ್ನು ನೀನು ನೋಡಿದ್ದೀಯ, ನಮ್ಮ ಪರದೆ ಹೊಲಿಯುವ ಅಂಗಡಿಯಲ್ಲಿ ಕಿಟಕಿಯ ಪಕ್ಕದ ಮಿಷನ್ನಿನಲ್ಲಿ ಕೂರುವವಳು. ಬಸ್ಸು ಹತ್ತಿದಾಗ ಶುರುಮಾಡಿದ ಮಾತನ್ನು ಇಲ್ಲಿ ಇಳಿಯುವಾಗಲೂ ಮುಗಿಸಿರಲಿಲ್ಲ. ಇನ್ನೊಬ್ಬಳು ಇಸ್ತ್ರಿ ಅಕ್ಕ, ನಾವು ಹೊಲಿದ ಪರದೆಗಳ ನೆರಿಗೆ ಕೂರಿಸುವವಳು. ಇಳಿದು ನೋಡುತ್ತೇವೆ, ಬರೀ ಬಿಳುಪು! ಬೆಟ್ಟವಿಲ್ಲ, ಕಣಿವೆಯಿಲ್ಲ, ಎದುರಿಗೆ ಬರುವ ಮನುಷ್ಯ ಮೈಮೇಲೆ ಬಿದ್ದ ಮೇಲೇ ಗೊತ್ತಾಗಬೇಕು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಮಗೆ ಕಾಲಡಿಯ ಬೆಟ್ಟವೇ ಕಾಣಲಿಲ್ಲ. ‘ವರ್ಷವೆಲ್ಲ ಪರದೆ ಹೊಲಿದ್ವಲ್ಲ, ದೇವ್ರು ಒಂದು ದೊಡ್ಡ ಪರದೇನೇ ಎಳೆದುಬಿಟ್ಟ’ ಎಂದಳು ಇಸ್ತ್ರಿ ಅಕ್ಕ. ಅವರಿಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮ ಮಲಗಿದ ಮೇಲೆ ಎಷ್ಟು ದಿನದಿಂದ ಈ ಕಣಿವೆಯ ಕನಸು ಕಂಡಿದ್ದೆ ಎಂದು ನಿನಗೆ ಗೊತ್ತಿಲ್ಲ. ಕೆಳಗೆ ಒಂದು ಕೆರೆಯಿದೆಯಂತೆ, ಹಸಿರು ನೀರಂತೆ. ಬೆಳಗಾದರೆ ಅಮ್ಮನ ಮಂಚ, ಆಮೇಲೆ ಅಂಗಡಿಯ ಬಟ್ಟೆ ಕತ್ತರಿಸುವ ಮೇಜು, ಮತ್ತೆ ಅಮ್ಮನ ಮಂಚ ನೋಡುವ ಕಣ್ಣಿಗೆ ಒಂದು ಸಲ ದೂರದ್ದು ಏನಾದರೂ ಕಾಣಲಿ ಎಂಬ ಆಸೆ, ಅಷ್ಟೇ.

ಊಟಕ್ಕೆ ಕೂತಾಗ ಇನ್ನೊಂದು ಮಾನಗೇಡಿನ ಕೆಲಸವಾಯಿತು. ಸೂಪು, ಬ್ರೆಡ್ಡು ತಂದಿಟ್ಟರು. ನಾನು ಏನೋ ಯೋಚಿಸುತ್ತಾ ಗಿಳಿಯ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡು, ಬ್ರೆಡ್ಡನ್ನು ಚೂರುಚೂರು ಮಾಡಿ ಸೂಪಿನಲ್ಲಿ ನೆನೆಸಿ, ಚಮಚ ಅವಳ ಬಾಯಿಯ ಹತ್ತಿರ ಹಿಡಿದು ‘ಆ ಮಾಡು, ನಿಧಾನ’ ಅಂದೆನಂತೆ. ಎಡಗೈಯಲ್ಲಿ ಅವಳ ಗಲ್ಲದ ಕೆಳಗೆ ಕರವಸ್ತ್ರ ಬೇರೆ. ಪಾಪ, ಮಾತಿನ ಮಲ್ಲಿ ಗಿಳಿ ಆಗ ಮಾತ್ರ ಒಂದಕ್ಷರವನ್ನೂ ಆಡದೆ ಬಾಯಿ ತೆರೆದು ತಿಂದುಬಿಟ್ಟಳು. ಪಕ್ಕದ ಮೇಜಿನವರು ಕಿಸಕ್ಕೆಂದರು. ಇಸ್ತ್ರಿ ಅಕ್ಕ ಮೊದಲು ನಕ್ಕಳು, ಆಮೇಲೆ ನನ್ನ ಕೈಯಿಂದ ಚಮಚ ತೆಗೆದಿಟ್ಟು, ‘ನೀನು ಯಾವಾಗಮ್ಮಾ ಬಿಸಿಬಿಸಿಯಾಗಿ ತಿನ್ನೋದು?’ ಎಂದು ಕೇಳಿದಳು. ನನಗೆ ಕೋಪ ಬಂತು. ಯಾರ ಮೇಲೆ ಎಂದು ತಿಳಿಯದೆ ಆರಿದ ಸೂಪನ್ನು ಗಟಗಟ ಕುಡಿದು ಎದ್ದುಬಂದೆ.

ಅಷ್ಟು ಹೊತ್ತಿಗೆ ನಿನ್ನ ಮೊದಲ ಫೋನು. ಅಮ್ಮ ಊಟ ಮಾಡುತ್ತಿಲ್ಲ, ತುತ್ತು ಹೊರಗೆ ಬರುತ್ತಿದೆ ಎಂದು ನೀನು ಹೇಳಿದೆ. ಬಲಗಡೆ ಕೂತು ತಿನ್ನಿಸಿದರೆ ಬಾರದೆ ಏನು ಮಾಡೀತು? ಪಾರ್ಶ್ವವಾಯು ಹೊಡೆದದ್ದು ಅವಳ ಬಲಗಡೆಗೆ, ಅದೂ ನಿನಗೆ ಮರೆತುಹೋಗಿತ್ತು. ಹೋಗಲಿ ಬಿಡು, ಅದು ಕೇಳಬೇಕಾದ ಪ್ರಶ್ನೆಯೇ. ಎರಡನೆಯ ಫೋನನ್ನು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ.

ಸಂಜೆ ಬೆಟ್ಟದ ಅಂಚಿನ ಕಟ್ಟೆಯ ಮೇಲೆ ಶಾಲು ಹೊದ್ದು ಸಾಲಾಗಿ ಕೂತಿದ್ದೆವು. ಗಾಳಿ ತಿರುಗಿದೆ, ಈಗ ಮಂಜು ಸರಿಯುತ್ತದೆ ಎಂದು ಯಜಮಾನರೇ ಹೇಳಿದ್ದರು. ಬಿಳುಪು ತೆಳ್ಳಗಾಗುತ್ತಾ ಬಂತು, ಒಂದು ಮರದ ತುದಿ ಕಂಡಿತು. ಅಷ್ಟರಲ್ಲಿ ಅದೇ ಯಜಮಾನರು ಏದುಸಿರು ಬಿಡುತ್ತಾ ಓಡಿಬಂದರು, ‘ನಿಮ್ಮ ಅಣ್ಣ, ಅರ್ಜೆಂಟಂತೆ!’ ಅಮ್ಮನಿಗೆ ಏನಾಯಿತೋ ಎಂದು ಚಪ್ಪಲಿ ಬಿಟ್ಟು ಓಡಿದೆ. ನೀನು ಕೇಳಿದ್ದು ಏನು? ಬಿಸಿನೀರಿನ ಚೀಲ ಎಲ್ಲಿ! ಬೀರುವಿನಲ್ಲಿ ನೋಡು, ಬಚ್ಚಲಿನಲ್ಲಿ ನೋಡು ಎಂದು ನಾನು ಇಲ್ಲಿಂದ ಮನೆಯೆಲ್ಲ ಸುತ್ತಿಸಿದೆ. ಕೊನೆಗೆ, ‘ಹಾಂ, ಸಿಕ್ತು ಬಿಡು, ಅಮ್ಮನ ಕಾಲಡೀಲೇ ಇದೆ, ನಾನೇ ಇಟ್ಟಿದ್ದೆ’ ಎಂದು ನಗುತ್ತೀಯ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ನೀನೇ. ಸಾಲದ್ದಕ್ಕೆ, ‘ಮಜಾ ಮಾಡು ಪುಟ್ಟಿ’ ಎಂಬ ಉಪದೇಶ. ಓಡಿ ವಾಪಸು ಬಂದರೆ ಗಿಳಿ, ಇಸ್ತ್ರಿ ಅಕ್ಕ ಇಬ್ಬರೂ ಕಟ್ಟೆಯ ಮೇಲೆ ನಿಂತು ಕಣ್ಣು ಅರಳಿಸಿಕೊಂಡಿದ್ದರು. ಮಂಜು ಪೂರ್ತಿ ಸರಿದಿತ್ತಂತೆ. ಕಣಿವೆ, ಕೆರೆ, ಕೆರೆಯಲ್ಲಿ ಒಂದು ದೋಣಿ, ಎಲ್ಲ ಕಂಡಿತಂತೆ. ನಾನು ನೋಡುವಾಗ ಮತ್ತೆ ಬಿಳುಪು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಿಳಿ ಫೋಟೋ ತೋರಿಸಲು ಬಂದಳು, ಬೇಡವೆಂದು ಮುಖ ತಿರುಗಿಸಿದೆ. ಅಲ್ಲಿಯೇ ಕೂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಅಳು ಕೆರೆಗಾಗಿ ಅಲ್ಲ ಎಂದು ನಿನಗೂ ತಿಳಿಯುತ್ತದೆ. ಅಮ್ಮ ಬಿದ್ದ ದಿನದಿಂದ ಅವಳ ಬಲಗೈ ನಾನು. ನೀನು ಭಾನುವಾರ ಹಣ್ಣು ತರುತ್ತೀಯ, ಮಂಚದ ಪಕ್ಕದ ಕುರ್ಚಿಯಲ್ಲಿ ಒಂದು ಲೋಟ ಚಹಾ ಮುಗಿಯುವವರೆಗೆ ಕೂರುತ್ತೀಯ. ‘ನೀನಿದ್ದೀಯಲ್ಲ, ನನಗೇನು ಚಿಂತೆ’ ಎಂದು ನನ್ನ ತಲೆ ಸವರಿ ಹೋಗುತ್ತೀಯ. ಹಾಗೆ ಸವರಿದಾಗ ಮೈಯೆಲ್ಲ ಉರಿಯುತ್ತದೆ ಅಣ್ಣಾ. ತಿಂಗಳಲ್ಲಿ ಒಂದು ವಾರ ನೀನು ನೋಡಿಕೋ ಎಂದು ಎಷ್ಟು ಸಲ ಕೇಳಿದೆ? ‘ನೋಡೋಣ’ ಎಂಬುದೇ ಉತ್ತರ. ಅಮ್ಮನನ್ನು ನೋಡಿಕೊಳ್ಳುವುದು ನನಗೆ ಭಾರವಲ್ಲ. ರಾತ್ರಿ ಇಲ್ಲಿ ಮಗ್ಗುಲು ಬದಲಿಸುವಾಗಲೆಲ್ಲ ಅವಳ ಕೆಮ್ಮಿಗಾಗಿ ಕಿವಿಗೊಟ್ಟೆ, ಅಷ್ಟು ಅಂಟಿಕೊಂಡಿದ್ದಾಳೆ. ಆದರೆ ಒಬ್ಬಳೇ ಆಗಿರುವುದು ಭಾರ. ಅವಳು ನಿನಗೂ ಅಮ್ಮನೇ ತಾನೆ? ಅವಳಿಗೆ ಯಾವ ಬದಿಯಿಂದ ತಿನ್ನಿಸಬೇಕು ಎಂಬುದು ಒಂದೇ ದಿನದಲ್ಲಿ ನಿನಗೆ ಗೊತ್ತಾಯಿತು. ಉಳಿದದ್ದೂ ಗೊತ್ತಾಗಲಿ.

ಅಮ್ಮನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು, ಒರಸಿಕೊಂಡರೂ ಬಿಡಬೇಡ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ತಂಗಿ ಅಣ್ಣನಿಗೆ ಆಶೀರ್ವಾದ ಮಾಡುವ ಹಾಗಿಲ್ಲ, ಆದರೂ ನಿನಗೆ ಒಳ್ಳೆಯದಾಗಲಿ, ತಡವಾಗಿಯಾದರೂ ಬುದ್ಧಿ ಬರಲಿ.

ತಲೆ ನರೆತರೂ ನಿನಗೆ ಮಾತ್ರ
ಪುಟ್ಟಿ

ತಾ.ಕ.: ಬಸ್ಸು ಬಂದು ಹಾರನ್ ಹೊಡೆಯುತ್ತಿದೆ, ಗಿಳಿ ಕಾಗದಕ್ಕೆ ಕೈಚಾಚಿ ನಿಂತಿದ್ದಾಳೆ. ಅವಳು ಇದನ್ನು ಕೊಡುವಾಗ ಅವಳ ಹಿಂದೆ ನನ್ನನ್ನು ಹುಡುಕಬೇಡ, ನಾನು ಬಂದಿಲ್ಲ. ಮುಂದಿನ ಭಾನುವಾರ ಬರುತ್ತೇನೆ. ಅಂಗಡಿಯಲ್ಲಿ ನನ್ನ ರಜೆಯ ವಿಷಯ ಇಸ್ತ್ರಿ ಅಕ್ಕ ಹೇಳುತ್ತಾಳೆ. ಬೆಳಿಗ್ಗೆ ಅತ್ತಿಗೆಗೆ ಫೋನ್ ಮಾಡಿದ್ದೆ. ನೀನು ನಿಮ್ಮ ಮನೆಗೆ ಬಣ್ಣ ಹೊಡೆಸಲು ವಾರವಿಡೀ ರಜೆ ಹಾಕಿದ್ದೀಯಂತೆ. ‘ಗೋಡೆ ಎಲ್ಲೂ ಓಡಿಹೋಗಲ್ಲ, ನೀನು ಇದ್ದು ಬಾ’ ಎಂದು ಅತ್ತಿಗೆಯೇ ಹೇಳಿದರು. ಅಮ್ಮನಿಗೆ ನಿಜವನ್ನೇ ಹೇಳು, ‘ನಾಳೆ ಬರ್ತಾಳೆ’ ಎಂದು ಪುಸಲಾಯಿಸಬೇಡ, ಸೋತಿರುವುದು ಅವಳ ಕೈ, ಬುದ್ಧಿಯಲ್ಲ. ಅಮ್ಮ ಅತ್ತರೆ ಇಲ್ಲಿಗೆ ಫೋನ್ ಮಾಡು, ಓಡಿಬರುತ್ತೇನೆ. ನೀನು ಅತ್ತರೆ ಮಾಡಬೇಡ.